ಕೆಂಪು ಬಂದರೆ ನಂಬಬಹುದಾ? ಪ್ಲೇರೈಟ್ ಜೊತೆ ಎರಡು ವರ್ಷ

ಬೆಳಿಗ್ಗೆ ಕಾಫಿಗೆ ಹಾಲು ಇಡುವ ಮೊದಲೇ ಫೋನ್ ನೋಡುವ ಕೆಟ್ಟ ಚಾಳಿ ನನಗೆ. ನೋಡುವುದು ವಾಟ್ಸಾಪ್ ಅಲ್ಲ, ನಮ್ಮ ಸಾಫ್ಟ್‌ವೇರ್ ಮೇಲೆ ರಾತ್ರಿ ಎರಡು ಗಂಟೆಗೆ ತಾನಾಗಿ ಓಡಿದ ಟೆಸ್ಟ್‌ಗಳ ರಿಪೋರ್ಟು. ಎಷ್ಟು ಹಸಿರು (ಪಾಸು), ಎಷ್ಟು ಕೆಂಪು (ಫೇಲು). ಮೂರು ವರ್ಷದ ಹಿಂದೆ ಆ ರಿಪೋರ್ಟಿನಲ್ಲಿ ದಿನಾ ಮೂವತ್ತೋ ನಲವತ್ತೋ ಕೆಂಪು ಇರುತ್ತಿದ್ದವು. ನೋಡಿ, "ಸರಿ, ಎಂದಿನ ಹಾಗೇ ಇದೆ" ಅಂದುಕೊಂಡು ಹಾಲು ಇಡುತ್ತಿದ್ದೆ. ಕೆಂಪು ಕಂಡು ಟೆಸ್ಟರ್‌ಗೇ ಗಾಬರಿಯಾಗದಿದ್ದರೆ ಆ ಟೆಸ್ಟ್ ಇದ್ದರೆಷ್ಟು ಬಿಟ್ಟರೆಷ್ಟು, ಅಲ್ವಾ?

ಅದಕ್ಕೇ ಈ ವಿಮರ್ಶೆಯಲ್ಲಿ ನನ್ನ ಅಳತೆಗೋಲು ಒಂದೇ. ಪ್ಲೇರೈಟ್ ಅಂದರೆ ಬ್ರೌಸರನ್ನು ತಾನೇ ಓಡಿಸಿ ವೆಬ್ ಪುಟಗಳನ್ನು ಟೆಸ್ಟ್ ಮಾಡುವ ಟೂಲ್. ಅದು ಎಷ್ಟು ಜೋರಾಗಿ ಓಡುತ್ತದೆ ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಕೇಳುವುದು ಇಷ್ಟೇ: ಇದು ಕೆಂಪು ತೋರಿಸಿದರೆ ನಂಬಬಹುದಾ? ಹಸಿರು ತೋರಿಸಿದರೆ? ಎರಡು ವರ್ಷ ಬಳಸಿ ಐದಕ್ಕೆ ನಾಲ್ಕು ಕೊಡುತ್ತಿದ್ದೇನೆ.

ಮೊದಲು ನಮ್ಮ ಮನೆ ಕಥೆ. ನಮ್ಮದು ಜಯನಗರದಲ್ಲಿರುವ ಸಣ್ಣ ಕಂಪನಿ. ಸಹಕಾರ ಸಂಘಗಳಿಗೆ ಸಾಲ, ಠೇವಣಿ, ಪಿಗ್ಮಿ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತೇವೆ. ಪರದೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಬಳಸುವವರು ಹೋಬಳಿ ಮಟ್ಟದ ಸೆಕ್ರೆಟರಿಗಳು, ಕ್ಲರ್ಕುಗಳು. ಅವರಿಗೆ ನಮ್ಮ ಸ್ಪ್ರಿಂಟು, ರಿಲೀಸು ಏನೂ ಬೇಕಿಲ್ಲ. ಸಂಜೆ ಕ್ಯಾಷ್ ಟ್ಯಾಲಿ ಆಗಬೇಕು, ಅಷ್ಟೇ. ಟೆಸ್ಟಿಂಗ್ ತಂಡದಲ್ಲಿ ನಾವು ಮೂರು ಜನ. ನಾನು ಹಳಬಳು, 14 ವರ್ಷ ಆಯಿತು. ಶುರು ಮಾಡಿದ್ದು ಎಕ್ಸೆಲ್ ಹಾಳೆಯಲ್ಲಿ ಟಿಕ್ ಹಾಕುವ ಮ್ಯಾನ್ಯುಯಲ್ ಟೆಸ್ಟರ್ ಆಗಿ.

ಆಮೇಲೆ ಅನ್ನ ಕೊಟ್ಟಿದ್ದು ಸೆಲೆನಿಯಮ್, ಬ್ರೌಸರ್ ಓಡಿಸಿ ಟೆಸ್ಟ್ ಮಾಡುವ ಹಳೆಯ ಟೂಲ್. ಅದನ್ನು ಬೈಯುವ ಮನಸ್ಸು ನನಗಿಲ್ಲ. 2004ರಲ್ಲಿ ಥಾಟ್‌ವರ್ಕ್ಸ್‌ನ ಶಿಕಾಗೋ ಆಫೀಸಿನಲ್ಲಿ ಜೇಸನ್ ಹಗಿನ್ಸ್ ಅದನ್ನು ಶುರು ಮಾಡಿದಾಗ ಮಾರುಕಟ್ಟೆಯಲ್ಲಿ ದೊಡ್ಡ ಹೆಸರು ಮರ್ಕ್ಯುರಿ ಅನ್ನುವ ಕಂಪನಿಯದು. ದುಡ್ಡು ಕೊಟ್ಟು ತಗೊಳ್ಳಬೇಕಾದ ಟೂಲ್‌ಗಳು. ಮರ್ಕ್ಯುರಿ ಅಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಮ್ ಮದ್ದು ಅನ್ನುವ ತಮಾಷೆಯಿಂದ ಆ ಹೆಸರು ಬಂತು. ಬೆಂಗಳೂರಿನಲ್ಲಿ ಎಷ್ಟು ಜನ ಆ ಮದ್ದು ಕುಡಿದು ಸಂಸಾರ ಕಟ್ಟಿಕೊಂಡಿದ್ದೇವೆ ಅಂತ ಅವರಿಗೆ ಗೊತ್ತಿದೆಯೋ ಇಲ್ಲವೋ! ಈಗಲೂ ಇಂಟರ್‌ವ್ಯೂಗೆ ಹೋದರೆ ಮೊದಲು ಕೇಳುವುದು ಜಾವಾ ಮತ್ತು ಸೆಲೆನಿಯಮ್ಮೇ.

ಪ್ಲೇರೈಟ್ ಹುಟ್ಟಿದ್ದು 2020ರ ಜನವರಿಯಲ್ಲಿ, ಮೈಕ್ರೋಸಾಫ್ಟ್‌ನಲ್ಲಿ. ಕಟ್ಟಿದವರಲ್ಲಿ ಹಲವರು ಅದಕ್ಕೂ ಮೊದಲು ಗೂಗಲ್‌ನಲ್ಲಿ ಪಪೆಟಿಯರ್ ಅನ್ನುವ ಇದೇ ಥರದ ಟೂಲ್ ಮಾಡಿದ್ದವರು. ಓಪನ್ ಸೋರ್ಸ್, ದುಡ್ಡಿಲ್ಲ. ಕ್ರೋಮಿಯಂ (ಕ್ರೋಮ್‌ನ ಬುನಾದಿ), ಫೈರ್‌ಫಾಕ್ಸ್, ವೆಬ್‌ಕಿಟ್ (ಸಫಾರಿಯ ಬುನಾದಿ) ಮೂರನ್ನೂ ಓಡಿಸುತ್ತದೆ. ಟೈಪ್‌ಸ್ಕ್ರಿಪ್ಟ್, ಪೈಥಾನ್, ಜಾವಾ, ಸಿ ಶಾರ್ಪ್ ಯಾವುದರಲ್ಲಾದರೂ ಬರೆಯಬಹುದು. ಆದರೆ ಒಂದು ಮಾತು. ಟೆಸ್ಟ್‌ಗಳನ್ನು ಓಡಿಸಿ ರಿಪೋರ್ಟು ಕೊಡಲು ಇದರ ಜೊತೆಗೇ ಬರುವ ಟೆಸ್ಟ್ ರನ್ನರ್‌ನ ಪೂರ್ತಿ ಸುಖ ಸಿಗುವುದು ಟೈಪ್‌ಸ್ಕ್ರಿಪ್ಟ್‌ನಲ್ಲೇ. ನಾನು ಜಾವಾದವಳು. 38ನೇ ವಯಸ್ಸಿನಲ್ಲಿ ಟೈಪ್‌ಸ್ಕ್ರಿಪ್ಟ್ ಕಲಿತೆ. ಎರಡು ತಿಂಗಳು ತಲೆ ಕೆಟ್ಟಿತು, ಆಮೇಲೆ ಸರಿಹೋಯಿತು.

ಈಗ ಕಾಯುವ ವಿಷಯ. ಬ್ರೌಸರ್ ಟೆಸ್ಟ್ ಬರೆದವರಿಗೆಲ್ಲ ಗೊತ್ತು, ಅರ್ಧ ಸಂಕಟ ಅದೇ. ಬಟನ್ ಇನ್ನೂ ಬಂದಿರುವುದಿಲ್ಲ, ಟೆಸ್ಟ್ ಹೋಗಿ ಒತ್ತುತ್ತದೆ, ಬೀಳುತ್ತದೆ. ನಾವು ಏನು ಮಾಡುತ್ತಿದ್ದೆವು? ಮೂರು ಸೆಕೆಂಡು ಸುಮ್ಮನೆ ನಿಲ್ಲು ಅನ್ನುವ ಸ್ಲೀಪ್ ಹಾಕುತ್ತಿದ್ದೆವು. ಸೆಲೆನಿಯಮ್ ಬಿಟ್ಟು ಬರುವ ಮೊದಲು ಒಮ್ಮೆ ಎಣಿಸಿದೆ. 412 ಟೆಸ್ಟಿನಲ್ಲಿ ಆರುನೂರಕ್ಕೂ ಜಾಸ್ತಿ ಸ್ಲೀಪ್! ಒಂದೊಂದು ಮೂರು ಸೆಕೆಂಡು ಅಂದರೂ ಅರ್ಧ ಗಂಟೆ ಬರೀ ನಿದ್ದೆ. ಸೆಲೆನಿಯಮ್‌ನಲ್ಲಿ ಸರಿಯಾಗಿ ಕಾಯುವ ದಾರಿ ಇಲ್ಲ ಅಂತಲ್ಲ, ಇದೆ. ಡೆಡ್‌ಲೈನ್ ದಿನ ನಾವು ಬರೆಯಲಿಲ್ಲ. ತಪ್ಪು ನಮ್ಮದೇ.

ಪ್ಲೇರೈಟ್ ಈ ಸೋಮಾರಿತನಕ್ಕೆ ಅವಕಾಶವನ್ನೇ ಕೊಡುವುದಿಲ್ಲ. 'ಉಳಿಸು' ಬಟನ್ ಒತ್ತು ಅಂತ ಒಂದು ಸಾಲು ಬರೆದರೆ ಸಾಕು. ಒತ್ತುವ ಮೊದಲು ತಾನೇ ನೋಡಿಕೊಳ್ಳುತ್ತದೆ. ಬಟನ್ ಕಾಣುತ್ತಿದೆಯಾ? ಅಲ್ಲಾಡದೆ ನಿಂತಿದೆಯಾ? ಮೇಲೆ ಬೇರೆ ಏನಾದರೂ ಮುಚ್ಚಿಕೊಂಡಿದೆಯಾ? ಒತ್ತಲು ಬರುತ್ತದಾ? ನಮ್ಮ ಸಾಲದ ಪರದೆಯಲ್ಲಿ ಬಡ್ಡಿ ಲೆಕ್ಕ ಹಾಕುವಾಗ ಒಂದು ಚಕ್ರ ತಿರುಗುತ್ತದೆ. ಅದು ಪರದೆ ಪೂರ್ತಿ ಮುಚ್ಚುತ್ತದೆ. ಮೊದಲು ಇಲ್ಲೇ ವಾರಕ್ಕೆರಡು ಸಲ ಎಡವುತ್ತಿದ್ದೆವು. ಈಗ ಚಕ್ರ ಹೋಗುವವರೆಗೂ ಕಾದು, ಹೋದ ಕೂಡಲೇ ಒತ್ತುತ್ತದೆ. ಮೊತ್ತ ಸರಿಯಿದೆಯಾ ಅಂತ ನೋಡುವಾಗಲೂ ಹಾಗೇ. ಒಂದೇ ಸಲ ನೋಡಿ ಬಿಡುವುದಿಲ್ಲ, ಐದು ಸೆಕೆಂಡಿನವರೆಗೆ ಮತ್ತೆ ಮತ್ತೆ ನೋಡುತ್ತದೆ. ಮೂರೂಮುಕ್ಕಾಲು ಗಂಟೆ ಓಡುತ್ತಿದ್ದದ್ದು ಈಗ ನಲವತ್ತು ನಿಮಿಷದೊಳಗೆ ಮುಗಿಯುತ್ತದೆ.

ಆದರೂ ನಾನು ಈ ಟೂಲ್ ಮೇಲೆ ಮನಸ್ಸಿಟ್ಟದ್ದು ವೇಗ ನೋಡಿ ಅಲ್ಲ. ಟ್ರೇಸ್ ವ್ಯೂವರ್ ನೋಡಿ, ಅಂದರೆ ಟೆಸ್ಟ್ ನಡೆದ ಒಂದೊಂದು ಹೆಜ್ಜೆಯ ದಾಖಲೆ ತೋರಿಸುವ ಕಿಟಕಿ.

ನಮ್ಮಲ್ಲಿ ಒಬ್ಬ ಡೆವಲಪರ್ ಇದ್ದಾನೆ. ಒಳ್ಳೆಯ ಹುಡುಗ, ಕೆಲಸಗಾರ. ಆದರೆ ಯಾವ ಬಗ್ ಹಾಕಿದರೂ ಒಂದೇ ಉತ್ತರ: "ಮೇಡಂ, ನನ್ನ ಮಷೀನ್‌ನಲ್ಲಿ ಓಡ್ತಾ ಇದೆಯಲ್ಲ!" ಹಿಂದೆ ನಾನು ಒಂದು ಸ್ಕ್ರೀನ್‌ಶಾಟ್ ಹಿಡಿದುಕೊಂಡು ಅವನ ಸೀಟಿನ ಹತ್ತಿರ ನಿಲ್ಲುತ್ತಿದ್ದೆ. ಬಿದ್ದ ಮೇಲಿನ ಚಿತ್ರ ಅದು. ಬೀಳುವ ಮೊದಲು ಏನಾಯಿತು ಅಂತ ಇಬ್ಬರಿಗೂ ಗೊತ್ತಿಲ್ಲ. ಈಗ ಟೆಸ್ಟ್ ಬಿದ್ದರೆ ಒಂದು ಜಿಪ್ ಫೈಲ್ ಸಿಗುತ್ತದೆ. ತೆರೆದರೆ ಮೇಲುಗಡೆ ಸಣ್ಣ ಸಣ್ಣ ಚಿತ್ರಗಳ ಪಟ್ಟಿ, ಎಡಗಡೆ ಒಂದೊಂದು ಹೆಜ್ಜೆ. ಯಾವ ಹೆಜ್ಜೆ ಒತ್ತಿದರೂ ಅದಕ್ಕೆ ಮೊದಲು ಪುಟ ಹೇಗಿತ್ತು, ಆದಮೇಲೆ ಹೇಗಾಯಿತು ಕಾಣುತ್ತದೆ. ಸರ್ವರ್‌ಗೆ ಏನು ಹೋಯಿತು, ಏನು ಬಂತು, ಬ್ರೌಸರ್‌ನ ತಪ್ಪುಗಳು ದಾಖಲಾಗುವ ಕನ್ಸೋಲ್‌ನಲ್ಲಿ ಏನು ಬೈಗುಳ ಬಂತು, ಎಲ್ಲ ಇರುತ್ತದೆ. ಮೊದಲ ಸಲ ಅವನಿಗೆ ಕಳಿಸಿದಾಗ ಹತ್ತು ನಿಮಿಷ ಉತ್ತರವೇ ಇಲ್ಲ. ಆಮೇಲೆ ಬಂದದ್ದು ಒಂದೇ ಸಾಲು: "ಮೇಡಂ, ಎರಡು ಸಲ ಸೇವ್ ಹೋಗ್ತಿದೆ, ನೋಡ್ತೀನಿ." ಅವತ್ತು ಅವನ ಸೀಟಿನ ತನಕ ನಡೆಯುವ ಕೆಲಸ ತಪ್ಪಿತು.

ಒಂದು ಎಚ್ಚರಿಕೆ. ಆ ಜಿಪ್‌ನಲ್ಲಿ ಪಾಸ್‌ವರ್ಡ್, ಟೋಕನ್ (ಲಾಗಿನ್ ಆದದ್ದಕ್ಕೆ ಸಿಗುವ ಗುರುತು), ಸದಸ್ಯರ ವಿವರ ಎಲ್ಲ ಸೇರಿರುತ್ತದೆ. ವ್ಯೂವರ್ ಅದನ್ನು ಹೊರಗೆ ಕಳಿಸುವುದಿಲ್ಲ, ನಿಮ್ಮ ಬ್ರೌಸರ್ ಒಳಗೇ ತೆರೆಯುತ್ತದೆ. ಆದರೆ ನೀವೇ ಅದನ್ನು ಎಲ್ಲೆಂದರಲ್ಲಿ ಹಂಚಬೇಡಿ.

ಇನ್ನು ಕನ್ನಡದ ಪರದೆಗಳ ಕಥೆ. ಇದನ್ನು ಬೇರೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಆದರೂ ಬರೆಯುತ್ತೇನೆ.

ಪ್ಲೇರೈಟ್‌ನಲ್ಲಿ ಪರದೆ ಮೇಲಿನ ಪದ ಹಿಡಿದೇ ಬಟನ್ ಹುಡುಕಬಹುದು. ಪುಟದೊಳಗೆ ಬಟನ್ ಇರುವ ವಿಳಾಸ ಹೇಳುವ ಎಕ್ಸ್‌ಪಾತ್ ಅನ್ನುವ ಉದ್ದನೆಯ ಬಾಲ ಬರೆಯಬೇಕಿಲ್ಲ. ಚೆನ್ನಾಗಿದೆ. ಆದರೆ ನೀವು ಬೇಡ ಅನ್ನದಿದ್ದರೆ ಅದು ಪದದ ತುಣುಕು ಸಿಕ್ಕರೂ ಸಾಕು ಅಂತ ಹುಡುಕುತ್ತದೆ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ 'ಸಾಲ' ಅನ್ನುವ ಮೆನು ಒತ್ತಲು ಒಂದು ಸಾಲು ಬರೆದಳು. ಟೆಸ್ಟ್ ಬಿತ್ತು. ಒಂದಲ್ಲ, ನಾಲ್ಕು ಸಿಕ್ಕಿವೆ, ಯಾವುದು ಒತ್ತಲಿ ಅಂತ ಕೇಳಿತು. 'ಸಾಲ', 'ಸಾಲದ ಬಾಕಿ', 'ಸಾಲಗಾರರ ಪಟ್ಟಿ' ಸರಿ. ನಾಲ್ಕನೆಯದು ಊರುಗಳ ಪಟ್ಟಿಯಲ್ಲಿದ್ದ 'ಸಾಲಿಗ್ರಾಮ'!

"ಅಕ್ಕಾ, ಸಾಲಿಗ್ರಾಮದಲ್ಲಿ ಸಾಲ ಎಲ್ಲಿದೆ?" ಅಂತ ಕೇಳಿದಳು.

ನಮ್ಮ ಕಣ್ಣಿಗೆ 'ಲಿ' ಒಂದೇ ಅಕ್ಷರ. ಕಂಪ್ಯೂಟರ್‌ಗೆ ಅದು 'ಲ' ಮತ್ತು ಇಕಾರದ ಗುಡಿಸು, ಎರಡು ತುಣುಕು. ಹಾಗಾಗಿ 'ಸಾಲಿ'ಯೊಳಗೆ 'ಸಾಲ' ಇದ್ದೇ ಇದೆ. 'ಸಾಲು' ಇದ್ದರೂ ಸಿಕ್ಕಿಬೀಳುತ್ತದೆ. ಪೂರ್ತಿ ಪದವೇ ಬೇಕು ಅನ್ನುವ ಆಯ್ಕೆ ಹಾಕಿದ ಮೇಲೆ ಸರಿಹೋಯಿತು. ಆದರೆ ನೋಡಿ, ಇಲ್ಲಿ ಪ್ಲೇರೈಟ್‌ನ ಒಳ್ಳೆಯ ಗುಣ. ನಾಲ್ಕು ಸಿಕ್ಕಾಗ ಸುಮ್ನೆ ಮೊದಲನೆಯದನ್ನು ಒತ್ತಿ ಮುಂದೆ ಹೋಗಲಿಲ್ಲ. ನಿಂತು ಕೇಳಿತು. ಮೊದಲನೆಯದನ್ನು ಒತ್ತಿದ್ದರೆ ಅವತ್ತು ಹಸಿರು ಬರುತ್ತಿತ್ತು. ಮೆನು ಜಾಗ ಬದಲಾದ ದಿನ ಎಲ್ಲಿಗೋ ಹೋಗಿ ಬೀಳುತ್ತಿತ್ತು.

ಎರಡನೆಯದು ಇನ್ನೂ ವಿಚಿತ್ರ. ಸದಸ್ಯರ ಹೆಸರು ಹುಡುಕುವ ಟೆಸ್ಟ್. 'ಗೋಪಾಲ' ಅಂತ ಟೈಪ್ ಮಾಡಬೇಕು, 'ಗೋಪಾಲ' ಸಿಗಬೇಕು. ದಿನಾ ಕೆಂಪು. ರಿಪೋರ್ಟಿನಲ್ಲಿ ನೋಡಿದರೆ ಬೇಕಾದದ್ದು 'ಗೋಪಾಲ', ಪಟ್ಟಿಯಲ್ಲಿ ಇರುವುದೂ 'ಗೋಪಾಲ'. ಎರಡೂ ಒಂದೇ ಥರ ಕಾಣುತ್ತವೆ! "ಮೇಡಂ, ಇದು ಟೂಲ್ ಪ್ರಾಬ್ಲಮ್, ಸ್ಕಿಪ್ ಮಾಡಿ" ಅಂತ ಆಫೀಸಿನಲ್ಲಿ ಅಂದರು. ನಾನೂ ಎರಡು ದಿನ ಹಾಗೇ ಅಂದುಕೊಂಡೆ. ಮೂರನೇ ದಿನ ಎರಡೂ ಪದಗಳ ಉದ್ದ ಎಣಿಸಿ ನೋಡಿದೆ. ಒಂದು ಐದು, ಇನ್ನೊಂದು ಏಳು. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಡುವ ಪದ್ಧತಿಯಲ್ಲಿ, ಓಕಾರದ ದೀರ್ಘವನ್ನು ಒಂದೇ ಗುರುತಾಗಿ ಇಡಬಹುದು. ಎಕಾರ, ಊಕಾರ, ಕೊನೆಗೆ ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಹಳೆಯ ಸಾಫ್ಟ್‌ವೇರ್‌ನಲ್ಲಿದ್ದ ಹೆಸರುಗಳನ್ನು ಯೂನಿಕೋಡ್‌ಗೆ ತಂದಾಗ ನಮ್ಮದೇ ಪರಿವರ್ತಕ ಮೂರು ತುಂಡು ಮಾಡಿ ಇಟ್ಟಿತ್ತು. ಅಂದರೆ ಟೆಸ್ಟ್ ಹೇಳಿದ್ದು ನಿಜ. ಗೋಪಾಲ, ಗೋವಿಂದ, ಸರೋಜಮ್ಮ, ಲೋಕೇಶ ಅನ್ನುವ ಹಳೆಯ ಸದಸ್ಯರು ಯಾರೂ ಹುಡುಕಾಟದಲ್ಲಿ ಸಿಗುತ್ತಲೇ ಇರಲಿಲ್ಲ. ಕ್ಲರ್ಕುಗಳು ಸದಸ್ಯ ಸಂಖ್ಯೆ ಹೊಡೆದು ಕೆಲಸ ಸಾಗಿಸುತ್ತಿದ್ದರು, ಯಾರೂ ದೂರು ಹೇಳಿರಲಿಲ್ಲ. ನನ್ನ ಕೈಯಲ್ಲಿ ಇದುವರೆಗೆ ಸಿಕ್ಕ ಅತಿ ಒಳ್ಳೆಯ ಕೆಂಪು ಅದು. ಅದನ್ನು ಸ್ಕಿಪ್ ಮಾಡುವುದರಲ್ಲಿದ್ದೆ!

ಮೂರನೆಯದು ಹಸಿರಿನ ಮೋಸ. ಪರದೆಯ ಚಿತ್ರ ತೆಗೆದು ಹಳೆಯ ಚಿತ್ರದ ಜೊತೆ ಹೋಲಿಸುವ ಸೌಲಭ್ಯ ಇದೆ. ಪಾವತಿ ರಶೀದಿಗೆ ಹಾಕಿದೆವು. ಮೂರು ವಾರ ಹಸಿರು. ಒಂದು ದಿನ ಯಾಕೋ ಮೂಲ ಚಿತ್ರ ತೆರೆದು ನೋಡಿದರೆ ಅಕ್ಷರ ಇರಬೇಕಾದ ಕಡೆ ಬರೀ ಚೌಕಗಳು. ರಾತ್ರಿ ಟೆಸ್ಟ್ ಓಡುವ ಲಿನಕ್ಸ್ ಮಷೀನ್‌ನಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಮೊದಲ ದಿನವೇ ಚೌಕದ ಚಿತ್ರ ಮೂಲ ಅಂತ ಉಳಿದಿತ್ತು. ಚೌಕವನ್ನು ಚೌಕದ ಜೊತೆ ಹೋಲಿಸಿ ದಿನಾ ಸರಿ ಅನ್ನುತ್ತಿತ್ತು. ಪುಟದೊಳಗಿನ ಪಠ್ಯ ನೋಡುವ ಟೆಸ್ಟ್‌ಗಳೂ ಹಸಿರು, ಯಾಕೆಂದರೆ ಪಠ್ಯ ಸರಿಯಾಗೇ ಇತ್ತು, ಚಿತ್ರ ಬಿಡಿಸಲು ಅಕ್ಷರ ಇರಲಿಲ್ಲ ಅಷ್ಟೇ. ನೋಟೋ ಅನ್ನುವ ಫಾಂಟ್ ಹಾಕಿದೆವು, ಜೊತೆಗೆ ಡೆಬಿಯನ್ ಲಿನಕ್ಸ್‌ನಲ್ಲಿ ಸಿಗುವ ಗುಬ್ಬಿ ಫಾಂಟೂ ಹಾಕಿದೆವು. ಕನ್ನಡ, ತಮಿಳು, ತೆಲುಗು ಯಾವ ಪರದೆ ಟೆಸ್ಟ್ ಮಾಡುವವರಾದರೂ ಸರಿ, ಮೂಲ ಚಿತ್ರವನ್ನು ಒಮ್ಮೆ ನಿಮ್ಮ ಕಣ್ಣಾರೆ ನೋಡಿ. ಇನ್ನೊಂದು, ವಿಂಡೋಸ್‌ನಲ್ಲಿ ತೆಗೆದ ಚಿತ್ರ ಲಿನಕ್ಸ್‌ಗೆ ನಡೆಯುವುದಿಲ್ಲ. ಅಕ್ಷರ ಬಿಡಿಸುವ ರೀತಿಯೇ ಬೇರೆ.

ಟೆಸ್ಟ್‌ಗಳನ್ನು ಒಟ್ಟಿಗೇ ಓಡಿಸುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೀವು ಏನೂ ಹೇಳದಿದ್ದರೆ ಮಷೀನ್‌ನ ಪ್ರೊಸೆಸರಿನಲ್ಲಿ ಎಷ್ಟು ಕೋರ್‌ಗಳಿವೆಯೋ ಅದರ ಅರ್ಧದಷ್ಟು ಟೆಸ್ಟ್ ಒಟ್ಟಿಗೆ ಓಡಿಸುತ್ತದೆ. ನಮ್ಮ ಎಂಟು ಕೋರ್ ಮಷೀನ್‌ನಲ್ಲಿ ನಾಲ್ಕು. ನಮ್ಮ ಹಳೆಯ ಟೆಸ್ಟ್‌ಗಳಿಗೆಲ್ಲ ಒಬ್ಬನೇ ಸದಸ್ಯ, ಸಂಖ್ಯೆ 1001. ಒಂದು ಟೆಸ್ಟ್ ಅವನ ಖಾತೆಗೆ ಐನೂರು ಕಟ್ಟುತ್ತದೆ, ಅದೇ ಹೊತ್ತಿಗೆ ಇನ್ನೊಂದು ಅವನ ಬಾಕಿ ನೋಡುತ್ತದೆ, ಮತ್ತೊಂದು ಖಾತೆಯನ್ನೇ ಮುಚ್ಚುತ್ತದೆ. ಪಾಪ ಅವನು! ಪ್ರತಿ ಟೆಸ್ಟ್ ತನ್ನ ಸದಸ್ಯನನ್ನು ತಾನೇ ಹುಟ್ಟಿಸಿಕೊಳ್ಳುವ ಹಾಗೆ ಬದಲಾಯಿಸಲು ಒಂದೂವರೆ ತಿಂಗಳು ಹಿಡಿಯಿತು. ಪ್ಲೇರೈಟ್ ಪ್ರತಿ ಟೆಸ್ಟ್‌ಗೂ ಹೊಸ ಬ್ರೌಸರ್ ಕಾಂಟೆಕ್ಸ್ಟ್ (ಹಳೆಯದೇನೂ ನೆನಪಿಲ್ಲದ ಹೊಸ ಬ್ರೌಸರ್ ಇದ್ದ ಹಾಗೆ) ಕೊಡುತ್ತದೆ, ಒಂದರ ಕುಕಿ ಇನ್ನೊಂದಕ್ಕೆ ಕಲೆಸುವುದಿಲ್ಲ. ಡೇಟಾಬೇಸ್ ನಿಮ್ಮ ಪಾಡು.

ಒಂದು ದಿನ ಹಾಲು ಕೊಟ್ಟು ಇನ್ನೊಂದು ದಿನ ಒದೆಯುವ ಹಸುವಿನಂಥ ಟೆಸ್ಟ್‌ಗಳಿಗೆ ನಾವು ಫ್ಲೇಕಿ ಅನ್ನುತ್ತೇವೆ. ಇದು ಬಡವರ ಮನೆ ಕಾಯಿಲೆ ಅಲ್ಲ. ತಮ್ಮಲ್ಲಿ ಸುಮಾರು 16% ಟೆಸ್ಟ್‌ಗಳಿಗೆ ಒಂದಿಷ್ಟಾದರೂ ಈ ಚಾಳಿ ಇದೆ ಅಂತ ಗೂಗಲ್‌ನವರೇ 2016ರಲ್ಲಿ ಬರೆದಿದ್ದರು. ಪ್ಲೇರೈಟ್‌ನಲ್ಲಿ ಬಿದ್ದ ಟೆಸ್ಟನ್ನು ಮತ್ತೆ ಓಡಿಸುವ ರಿಟ್ರೈ ಇದೆ. ಎರಡನೇ ಸಲ ಪಾಸ್ ಆದರೆ ಫ್ಲೇಕಿ ಅಂತ ಬೇರೆ ಗುರುತು ಹಾಕುತ್ತದೆ. ಪ್ರಾಮಾಣಿಕವಾಗಿದೆ. ಆದರೆ ಬಿಲ್ಡ್, ಅಂದರೆ ಒಟ್ಟು ಫಲಿತಾಂಶ, ಮಾತ್ರ ಪಾಸ್. ಮ್ಯಾನೇಜರ್ ನೋಡುವುದು ಬಿಲ್ಡ್ ಅಷ್ಟೇ. ಎರಡು ಸಲ ಸೇವ್ ಹೋಗುತ್ತಿದ್ದ ಆ ಬಗ್ ಇತ್ತಲ್ಲ, ಅದು ಐದಾರು ಸಲಕ್ಕೆ ಒಮ್ಮೆ ಬರುತ್ತಿತ್ತು. ರಿಟ್ರೈ ಮೂರು ಅಂತ ಇಟ್ಟಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ನಾವು ಒಂದೇ ಇಟ್ಟಿದ್ದೇವೆ, ಅದೂ ಟ್ರೇಸ್ ಸಿಗಲಿ ಅಂತ. ಶುಕ್ರವಾರ ಮಧ್ಯಾಹ್ನ ಊಟ ಆದಮೇಲೆ ಫ್ಲೇಕಿ ಪಟ್ಟಿ ಹಿಡಿದು ಕೂರುತ್ತೇವೆ.

ದಿನಾಂಕದ್ದೂ ಒಂದು ಪೆಟ್ಟು ತಿಂದಿದ್ದೇವೆ. ಫೆಬ್ರವರಿಯಲ್ಲಿ ಬರೆದ ಟೆಸ್ಟ್‌ಗಳು ಮಾರ್ಚ್ 31ರ ತನಕ ಚೆನ್ನಾಗಿದ್ದವು. ಏಪ್ರಿಲ್ 1, ಹೊಸ ಹಣಕಾಸು ವರ್ಷ, ಅರವತ್ತು ಕೆಂಪು. 2024ರಲ್ಲಿ ಪ್ಲೇರೈಟ್‌ಗೆ ಗಡಿಯಾರ ತಿರುಗಿಸುವ ಸೌಲಭ್ಯ ಬಂದಿದೆ. ಆದರೆ ಅದು ತಿರುಗಿಸುವುದು ಬ್ರೌಸರ್‌ನ ಗಡಿಯಾರ. ಬಡ್ಡಿ ಲೆಕ್ಕ ಹಾಕುವುದು ಸರ್ವರ್.

ಬಡ್ಡಿ ಅಂದಮೇಲೆ ಎ.ಐ. ಮಾತು ಬರಲೇಬೇಕು, ಐದರಲ್ಲಿ ನಾನು ಕಡಿಮೆ ಮಾಡಿದ ಒಂದು ಅಂಕ ಅಲ್ಲೇ ಹೋಗಿದೆ. 2025ರಲ್ಲಿ ಪ್ಲೇರೈಟ್‌ಗೆ ಮೂರು ಎ.ಐ. ಏಜೆಂಟ್‌ಗಳು (ತಾವಾಗೇ ಕೆಲಸ ಮಾಡುವ ಸಹಾಯಕರು) ಬಂದವು. ಒಂದು ಯೋಜನೆ ಹಾಕುತ್ತದೆ, ಒಂದು ಟೆಸ್ಟ್ ಬರೆಯುತ್ತದೆ, ಮೂರನೆಯದು ಬಿದ್ದ ಟೆಸ್ಟ್ ರಿಪೇರಿ ಮಾಡುತ್ತದೆ. ಮೊದಲೆರಡು ನನಗೆ ಇಷ್ಟ. ನಾನು ಮರೆತ ಖಾಲಿ ಹೆಸರು, ಮೈನಸ್ ಮೊತ್ತ ಎಲ್ಲ ನೆನಪಿಸುತ್ತವೆ. ಮೂರನೆಯದರ ಕೆಲಸ ನೋಡಿ: ಟೆಸ್ಟ್ ಪಾಸ್ ಆಗುವ ಹಾಗೆ ಮಾಡುವುದು, ಇಲ್ಲವೇ ಸಾಫ್ಟ್‌ವೇರೇ ಕೆಟ್ಟಿದೆ ಅನ್ನಿಸಿದರೆ ಟೆಸ್ಟನ್ನು ಸ್ಕಿಪ್ ಮಾಡುವುದು. ಎರಡರಲ್ಲೂ ಕೆಂಪು ಮಾಯ. ಬಗ್ ಸಿಕ್ಕಿದೆ ಅನ್ನಿಸಿದಾಗ ಕೆಂಪು ಉಳಿಯಬೇಕೋ ಬೇಡವೋ?

ಇದಕ್ಕೂ ಮೊದಲು ಇದೇ ಥರದ ಇನ್ನೊಂದು ಎ.ಐ. ಟೂಲ್ ನೋಡಿದ್ದೆವು, ಹೆಸರು ಬೇಡ. ನಮ್ಮದೊಂದು ಟೆಸ್ಟ್ ಇದೆ. ಒಂದು ಲಕ್ಷ ಸಾಲ, 9% ಬಡ್ಡಿ, 73 ದಿನ. 73 ಯಾಕೆಂದರೆ ಅದು 365ರ ಐದನೇ ಒಂದು ಭಾಗ, ಬಾಯಲ್ಲೇ ಲೆಕ್ಕ ಹಾಕಬಹುದು: 1,800 ರೂಪಾಯಿ. ಒಂದು ದಿನ ಪರದೆಯಲ್ಲಿ 1,825 ಬಂತು. ಯಾರೋ ಕೋಡ್ ಸರಿಮಾಡುವಾಗ ವರ್ಷಕ್ಕೆ 360 ದಿನ ಅಂತ ಹಾಕಿಬಿಟ್ಟಿದ್ದರು. ಟೆಸ್ಟ್ ಸರಿಯಾಗೇ ಬಿತ್ತು. ಎ.ಐ. ಬಂದು ಪರದೆ ನೋಡಿತು, ಟೆಸ್ಟಿನಲ್ಲಿದ್ದ 1,800 ಅಳಿಸಿ 1,825 ಬರೆಯಿತು. ಹಸಿರು. ಬದಲಾವಣೆಯ ಟಿಪ್ಪಣಿಯಲ್ಲಿ 'ನಿರೀಕ್ಷಿತ ಮೊತ್ತ ನವೀಕರಿಸಲಾಗಿದೆ' ಅಂತ ಸಭ್ಯವಾಗಿ ಬರೆದಿತ್ತು. ಇಪ್ಪತ್ತೈದು ರೂಪಾಯಿ ನೋಡಲು ಸಣ್ಣದು. ಸಂಘದ ವಾರ್ಷಿಕ ಮಹಾಸಭೆಯಲ್ಲಿ ಒಬ್ಬ ರೈತ ಎದ್ದು ನಿಂತು ಪಾಸ್‌ಬುಕ್ ತೋರಿಸಿದರೆ ಸೆಕ್ರೆಟರಿ ಮುಖ ಎಲ್ಲಿಡಬೇಕು?

ಈಗ ನಮ್ಮಲ್ಲಿ ಒಂದು ಕಟ್ಟುಪಾಡು. ಬಟನ್ ಎಲ್ಲಿದೆ ಅಂತ ಹುಡುಕುವ ಸಾಲನ್ನು ಎ.ಐ. ತಿದ್ದಬಹುದು. ಮೊತ್ತ ಇರುವ ಸಾಲು ಮುಟ್ಟಿದರೆ ಮೂವರಲ್ಲಿ ಒಬ್ಬರು ಕ್ಯಾಲ್ಕ್ಯುಲೇಟರ್ ಹಿಡಿದು ನೋಡಿ ಸಹಿ ಹಾಕಬೇಕು.

ಪ್ಲೇರೈಟ್ ಕೈಗೆ ಸಿಗದ್ದೂ ಇದೆ. ಮೊಬೈಲ್ ಪರದೆಯ ಅಳತೆ ಅನುಕರಿಸುತ್ತದೆ, ಆದರೆ ಪಿಗ್ಮಿ ಏಜೆಂಟರ ಫೋನ್‌ನಲ್ಲಿರುವ ಆ್ಯಪ್ ಟೆಸ್ಟ್ ಮಾಡಲು ಆಗುವುದಿಲ್ಲ. ಅದಕ್ಕೆ ಆ್ಯಪಿಯಂ ಅನ್ನುವ ಟೂಲ್ ಬೇರೆ ಇಟ್ಟುಕೊಂಡಿದ್ದೇವೆ. ವೆಬ್‌ಕಿಟ್‌ನಲ್ಲಿ ಓಡಿತು ಅಂದರೆ ಐಫೋನ್‌ನ ಸಫಾರಿಯಲ್ಲಿ ಓಡಿತು ಅಂತಲ್ಲ. ಹೊಸ ಆವೃತ್ತಿ ಹಾಕಿದಾಗಲೆಲ್ಲ ಬ್ರೌಸರ್‌ಗಳೂ ಹೊಸದಾಗಿ ಇಳಿಯಬೇಕು, ನೂರಾರು ಎಂ.ಬಿ. ಊರಿಗೆ ಹೋದಾಗ ತಿಪಟೂರಿನ ಮನೆಯ ನೆಟ್‌ನಲ್ಲಿ ಈ ಸಾಹಸ ಮಾಡಿ ಸಂಜೆ ಪೂರ್ತಿ ಕೂತಿದ್ದೇನೆ.

ಮತ್ತೆ ಪಾಸ್‌ಬುಕ್ ಪ್ರಿಂಟರ್. ಹೋದ ದೀಪಾವಳಿ ಹೊತ್ತಿಗೆ ನಮಗೆ ಅತಿ ಹೆಚ್ಚು ಫೋನ್ ಬಂದದ್ದು ಬಡ್ಡಿ ಬಗ್ಗೆ ಅಲ್ಲ, ಪಾಸ್‌ಬುಕ್‌ನಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಅಚ್ಚಾಗುತ್ತಿದೆ ಅಂತ. ಅವತ್ತು ರಾತ್ರಿಯ ರಿಪೋರ್ಟು ಪೂರ್ತಿ ಹಸಿರು. ಆಫೀಸಿನಲ್ಲಿ ನನ್ನ ಮೇಜಿನ ಪಕ್ಕ ಒಂದು ಹಳೆಯ ಪ್ರಿಂಟರ್ ಇದೆ. ಪ್ರತಿ ರಿಲೀಸಿನ ಹಿಂದಿನ ದಿನ ಪಾಸ್‌ಬುಕ್ ಅದರ ಬಾಯಿಗೆ ನಾನೇ ಇಡುತ್ತೇನೆ. ಕರ್ರೋ ಅಂತ ಸದ್ದು ಮಾಡಿ ಆಚೆ ತಳ್ಳುತ್ತದೆ. ಸಾಲುಗಳ ಮೇಲೆ ಸ್ಕೇಲ್ ಇಟ್ಟು ನೋಡುತ್ತೇನೆ. ಇದುವರೆಗೆ ಒಂಬತ್ತು ಪಾಸ್‌ಬುಕ್ ತುಂಬಿವೆ, ಎಲ್ಲವೂ ಸದಸ್ಯ ಸಂಖ್ಯೆ 1001ರ ಹೆಸರಿನಲ್ಲೇ.